ಹಲಸಿನ ಮರದ ವಿಚಾರಣೆ

ಥೋವಾಳ ಕೈಗುಣದ ಬಗ್ಗೆ ನಮ್ಮ ಕಾಲುವೆಯ ಎರಡು ದಂಡೆಯಲ್ಲೂ ಎರಡು ಮಾತಿಲ್ಲ. ಅವಳ ಕೈ ತಂಪು ಎನ್ನುತ್ತಾರೆ ಜನ. ಒಣಗಿದ ಪುದೀನದ ಕಡ್ಡಿಯನ್ನು ಅವಳು ಕೆಸರಿಗೆ ಚುಚ್ಚಿದರೂ ಅದು ವಾರದೊಳಗೆ ಚಿಗುರುತ್ತದೆ. ಅದೇ ಕಡ್ಡಿಯನ್ನು ಅದೇ ಕೆಸರಿಗೆ ನಾನು ಚುಚ್ಚಿದರೆ ಅದು ನನ್ನ ಮುಖ ನೋಡಿಯೇ ಪ್ರಾಣ ಬಿಡುತ್ತದೆ. ಹೀಗಾಗಿ ನಮ್ಮ ಗುಂಪಿನ ಹೆಂಗಸರೆಲ್ಲ ಬಿತ್ತುವ ಮೊದಲು ಬೀಜವನ್ನು ಅವಳ ಅಂಗೈಗೆ ಸುರಿದು, "ಒಂದ್ಸಲ ಮುಟ್ಟಿಕೊಡೇ ತಾಯಿ" ಎಂದು ಇಸಿದುಕೊಂಡು ಹೋಗುತ್ತಾರೆ. ನಾನೂ ಹೋಗುತ್ತೇನೆ. ಅದರಲ್ಲಿ ನಾಚಿಕೆ ಏನು ಬಂತು?

ಅವಳು ಮೆಕಾಂಗ್ ಹೊಳೆಯ ಆಚೆ ದಂಡೆಯವಳು. ಮದುವೆಯಾಗಿ ದೋಣಿಯಲ್ಲಿ ಬಂದು ಇಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಒದ್ದೆಬಟ್ಟೆಯಲ್ಲಿ ಸುತ್ತಿದ ಮಜ್ಜಿಗೆಹುಲ್ಲಿನ ಬುಡ. "ಸೊಸೆ ಚಿನ್ನ ತರ್ತಾಳೆ ಅಂತ ಕಾಯ್ತಿದ್ರೆ ಹುಲ್ಲು ತಂದಿದ್ದಾಳಲ್ಲಪ್ಪಾ" ಎಂದು ಅವಳ ಅತ್ತೆ ದಡದಲ್ಲೇ ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿದ್ದಳು. ವರ್ಷ ತಿರುಗುವಷ್ಟರಲ್ಲಿ ಅದೇ ಅತ್ತೆ ಅದೇ ಹುಲ್ಲನ್ನು ಕಟ್ಟು ಕಟ್ಟಿ ಪೇಟೆಗೆ ಒಯ್ದು, "ನಮ್ಮ ಸೊಸೆ ಬೆಳೆಸಿದ್ದು" ಎಂದು ಬೀಗುತ್ತಿದ್ದಳು. ಮಗ, ಅಂದರೆ ಥೋವಾಳ ಗಂಡ, ಬಾಯಿ ಸತ್ತ ಮನುಷ್ಯ. ದೋಣಿಯ ಮೋಟಾರು ರಿಪೇರಿ ಮಾಡುತ್ತಿದ್ದ. ಹೆಂಡತಿ ಬಂದ ಸಂತೋಷಕ್ಕೆ ಏನು ಮಾಡಬೇಕೋ ತಿಳಿಯದೆ ಹಿತ್ತಲ ಮೂಲೆಯಲ್ಲಿ ಒಂದು ಹಲಸಿನ ಸಸಿ ನೆಟ್ಟ. ಅದು ಬೆಳೆಯಿತು, ಆಕಾಶಕ್ಕೆ ಹೋಯಿತು, ಹಿತ್ತಲನ್ನೆಲ್ಲ ಮುಚ್ಚಿತು. ಹಣ್ಣು ಮಾತ್ರ ಬಿಡಲಿಲ್ಲ. ಬೆರಳುದ್ದದ ಮಿಡಿ ಕಾಣಿಸಿಕೊಳ್ಳುವುದು, ಕಪ್ಪಾಗುವುದು, ಉದುರುವುದು. ಮಕ್ಕಳೂ ಆಗಲಿಲ್ಲ. ಗಂಡ ಪಿತ್ತಕೋಶದ ಕಾಯಿಲೆಯಿಂದ ಬೇಗನೆ ಹೋದ. ಥೋವಾಳಿಗೆ ಉಳಿದದ್ದು ಮನೆ, ಹಿತ್ತಲು ಮತ್ತು ಆ ಮರ. ಗದ್ದೆ ಎಂಬುದು ಆ ಮನೆತನಕ್ಕೆ ಮೊದಲೇ ಇರಲಿಲ್ಲ.

ಕಂದಕದ ಆಚೆಗೆ ಅವಳ ಓರಗಿತ್ತಿ ಲಾಯಿಯ ಹಿತ್ತಲು. ಗಂಡನ ತಮ್ಮನ ಹೆಂಡತಿ. ನಾಲ್ಕು ಮಕ್ಕಳ ತಾಯಿ, ಒಣಗಿದ ಬಿದಿರಿನಂಥ ಮೈ, ಗಂಟಲು ಮಾತ್ರ ಮೂರು ಊರಿಗೆ ಕೇಳುವಂಥದು. ದೋಣಿ ನಡೆಸುವುದರಲ್ಲಿ ಗಂಡಸರನ್ನು ಮೀರಿಸಿದವಳು. ನಮ್ಮ ಗುಂಪಿನ ದೋಣಿ ಅವಳ ಕೈಯಲ್ಲೇ ಇರುವುದು.

ಗುಂಪು ಎಂದರೆ ದೊಡ್ಡದೇನಲ್ಲ, ಕಾಲುವೆಯುದ್ದಕ್ಕೂ ಇರುವ ಹೆಂಗಸರು. ಪ್ರತಿ ಮನೆಯವಳೂ ತನ್ನ ಹಿತ್ತಲಲ್ಲಿ ಬೆಳೆದದ್ದನ್ನು ಬೆಳಕು ಹರಿಯುವ ಮೊದಲೇ ಕೊಯ್ದು, ಬುಟ್ಟಿಗೆ ತುಂಬಿ, ನೀರಿಗೆ ಇಳಿಯುವ ಮೆಟ್ಟಿಲ ಮೇಲೆ ಇಟ್ಟಿರಬೇಕು. ಲಾಯಿ ದೋಣಿಯಲ್ಲಿ ಬಂದು ಎತ್ತಿಕೊಂಡು ಪೇಟೆಗೆ ಹೋಗುತ್ತಾಳೆ. ಕೊತ್ತಂಬರಿ, ಒಂದೆಲಗ, ಕೆಸುವಿನ ದಂಟು, ಎಳೆ ಸೋರೆ, ಬಾಳೆಎಲೆ, ಎಲ್ಲಕ್ಕೂ ಅಲ್ಲಿನ ನೂಡಲ್ಸ್ ಅಂಗಡಿಯವರು ಕಾದಿರುತ್ತಾರೆ. ಗಂಡಸರ ದುಡ್ಡು ಗೊಬ್ಬರಕ್ಕೆ, ಸಾರಾಯಿಗೆ, ಹುಂಜದ ಕಾಳಗಕ್ಕೆ. ಈ ಬುಟ್ಟಿಯ ದುಡ್ಡು ಮಾತ್ರ ನಮ್ಮದು. ಮಕ್ಕಳ ಶಾಲೆ, ಮನೆಯ ತಗಡು, ಹಲ್ಲುನೋವು, ಎಲ್ಲ ಅದರಲ್ಲೇ. ಉಳಿದವರಿಗೆ ಅದು ಸೊಂಟಕ್ಕೆ ಆಸರೆ. ಥೋವಾಳಿಗೆ ಅದೇ ಅನ್ನ.

ಅಂಥ ಗುಂಪಿನಲ್ಲಿ ಥೋವಾ, ಲಾಯಿ ಹತ್ತು ಹನ್ನೆರಡು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ದೋಣಿ ಮೆಟ್ಟಿಲಿಗೆ ಬಂದು ನಿಂತಾಗ ಲಾಯಿ ಬುಟ್ಟಿಯನ್ನು ನೋಡುತ್ತ ಹೇಳುವಳು: "ಬುಟ್ಟೀ, ನಿಮ್ಮ ಯಜಮಾನಿಗೆ ಹೇಳು, ನಾಳೆ ನೀರಿಳಿತ ಬೇಗ, ದೋಣಿ ಕಾಯಲ್ಲ." ಥೋವಾ ತನ್ನ ಬಾತುಕೋಳಿಯ ಕಡೆ ತಿರುಗಿ, "ಕೇಳಿಸ್ತಂತೆ ಅಂತ ಹೇಳು" ಎನ್ನುವಳು. ಹೊಸಬರಿಗೆ ನಗು ಬರುತ್ತಿತ್ತು. ನಮಗೆ ಅಭ್ಯಾಸವಾಗಿಹೋಗಿತ್ತು.

ಕಾರಣ ಒಂದೇ ಒಂದು ಮಾತು. ಮಾವನ ತಿಥಿಯ ದಿನ ಹಲಸಿನ ನೆರಳಿನಲ್ಲೇ ಚಾಪೆ ಹಾಸಿ ಊಟಕ್ಕೆ ಕೂತಿದ್ದೆವು. ದೂರದ ನೆಂಟನೊಬ್ಬ ಮೇಲೆ ನೋಡಿ, "ಇಷ್ಟು ದೊಡ್ಡ ಮರ, ಒಂದು ಕಾಯೂ ಇಲ್ವಲ್ಲ" ಎಂದ. ಲಾಯಿ ಸಾರು ಬಡಿಸುತ್ತಿದ್ದಳು. ಸೌಟು ಹಿಡಿದ ಕೈಯನ್ನೂ ನಿಲ್ಲಿಸದೆ, "ಮರ ಯಾರ ಹಿತ್ತಲಲ್ಲಿದೆ ನೋಡಿ. ಯಜಮಾನಿ ಹೇಗೋ ಮರಾನೂ ಹಾಗೇ, ಬರೀ ಎಲೆ" ಎಂದಳು. ಒಬ್ಬಿಬ್ಬರು ನಕ್ಕರು. ಥೋವಾ ಬಟ್ಟಲು ಕೆಳಗಿಟ್ಟು, ಕೈ ತೊಳೆದು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಆ ದಿನ ಲಾಯಿಯ ಕೆನ್ನೆಗೆ ಬಾರಿಸಬೇಕು ಎನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಈಗ ಈ ವರ್ಷದ ಸಂಗತಿಗೆ ಬರುತ್ತೇನೆ. ಮರ ಬೆಳೆದಷ್ಟೂ ಥೋವಾಳ ಮಡಿಗಳಿಗೆ ಬಿಸಿಲು ಕಡಿಮೆಯಾಯಿತು. ಎಂಥ ತಂಪು ಕೈಯಾದರೇನು, ಸೂರ್ಯನನ್ನು ಕೈಯಲ್ಲಿ ತಂದು ನೆಡಲಾದೀತೇ? ಕೊತ್ತಂಬರಿ, ಬಳ್ಳಿಯ ಹಾಗೆ ಉದ್ದಕ್ಕೆ ಎದ್ದು ಬಿದ್ದುಹೋಗುತ್ತಿತ್ತು. ಅವಳ ಬುಟ್ಟಿ ಅರ್ಧ ತುಂಬಿದರೆ ಹೆಚ್ಚು. ದೋಣಿಯ ಎಣ್ಣೆ ಖರ್ಚು ಎಲ್ಲರಿಗೂ ಸಮಪಾಲು, ಆದ್ದರಿಂದ ಬುಟ್ಟಿ ತುಂಬಿರಲೇಬೇಕು ಎಂಬುದು ಗುಂಪಿನ ನಿಯಮ. ಅತ್ತ ಕಂದಕದಾಚೆ ಲಾಯಿಯ ಹಿತ್ತಲಲ್ಲಿ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು, ಕಳೆಯ ಮೇಲೆ. ಅವಳು ದಿನವೆಲ್ಲ ದೋಣಿಯ ಮೇಲೆ, ಮಕ್ಕಳು ಪೇಟೆಯ ಫ್ಯಾಕ್ಟರಿಗಳಲ್ಲಿ. ಸೊಂಟ ಬಗ್ಗಿಸುವವರು ಯಾರು? ಇವಳಿಗೆ ಕೈಯುಂಟು ಬಿಸಿಲಿಲ್ಲ, ಅವಳಿಗೆ ಬಿಸಿಲುಂಟು ಕೈಯಿಲ್ಲ. ಕಾಲುವೆಯ ನಾಯಿಗೂ ಗೊತ್ತಿತ್ತು ಇದು. ಆದರೆ ಬಾಯಿ ಬಿಟ್ಟು ಹೇಳಿದವರನ್ನು ಇಬ್ಬರೂ ಸೇರಿ ನೀರಿಗೆ ನೂಕುತ್ತಿದ್ದರು. ಅದೊಂದು ಕೆಲಸಕ್ಕೆ ಮಾತ್ರ ಅವರಲ್ಲಿ ಒಗ್ಗಟ್ಟು.

ಮಳೆಗಾಲದ ಬಾಯಿಗೆ ನಮ್ಮ ಜಗಲಿಯಲ್ಲೇ ಗುಂಪಿನ ಸಭೆ ಸೇರಿತು. ಗುಂಪಿನ ಯಜಮಾನಿಕೆ ವಾನ್ ಎಂಬ ಹುಡುಗಿಯದು. ಹುಡುಗಿ ಎಂದರೆ ನನ್ನ ಲೆಕ್ಕಕ್ಕೆ; ಅವಳಿಗೂ ಎರಡು ಮಕ್ಕಳಿವೆ. ಒಳ್ಳೆಯವಳು, ಮುಚ್ಚಿಟ್ಟು ಮಾತಾಡುವುದಿಲ್ಲ.

"ಥೋವಕ್ಕ, ಬೇಜಾರು ಮಾಡ್ಕೋಬೇಡಿ. ಆ ಮರ ತೆಗೆಸಿಬಿಡಿ. ಹಣ್ಣಂತೂ ಬಿಡಲ್ಲ. ಒಂದೇ ತಿಂಗಳಲ್ಲಿ ನಿಮ್ಮ ಬುಟ್ಟೀನೇ ಎಲ್ಲರಿಗಿಂತ ಮುಂದೆ ಇರುತ್ತೆ" ಎಂದಳು.

"ತೆಗೀದಿದ್ರೆ?"

"ನಾನು ಏನಂತ ಹೇಳ್ಲಿ ಅಕ್ಕ. ಅರ್ಧ ಬುಟ್ಟೀಗೆ ಪೂರ್ತಿ ಎಣ್ಣೆ ಅಂತ ಹಿಂದೆ ಮುಂದೆ ಮಾತು ಬರ್ತಿದೆ."

ಥೋವಾ ಹೆಗಲನ್ನು ಸುಮ್ಮನೆ ಕೊಡವಿಕೊಂಡಳು. "ಮರ ಕಡಿಯೋದಾದ್ರೆ ನನ್ನ ಬುಟ್ಟಿ ಇನ್ನು ಮೆಟ್ಟಿಲ ಮೇಲೆ ಇಡಲ್ಲ. ಗುಂಪು ಬಿಟ್ಟೆ ಅಂತ ತಿಳ್ಕೊಳ್ಳಿ."

"ಬಿಟ್ಟು ಏನು ತಿಂತೀಯೇ, ಹಲಸಿನ ಎಲೆನಾ?" ಎಂದೆ ನಾನು. ಸಿಟ್ಟು ಬಂದಿತ್ತು ನನಗೆ. ಅವಳು ಗುಂಪು ಬಿಟ್ಟರೆ ಬದುಕುವ ದಾರಿಯಿಲ್ಲ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು.

"ತಿನ್ನೋದು ನನ್ನ ಪಾಡು ದೊಡ್ಡಕ್ಕ. ನೆಟ್ಟೋರು ಅವರು, ಕಡಿಯೋದಕ್ಕೆ ನಾನ್ಯಾರು?" ಎಂದು ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು. "ಅಷ್ಟಕ್ಕೂ ವಿಚಾರಣೆ ಇಲ್ಲದೆ ಯಾವ ಮರಾನೂ ಕಡಿಯೋ ಹಾಗಿಲ್ಲ. ಐದನೇ ತಿಂಗಳ ಹಬ್ಬ ಬರ್ತಿದೆ. ಅವತ್ತು ಅದರ ಬಾಯಿಂದಾನೇ ಕೇಳಿ. ಆಮೇಲೆ ನೋಡೋಣ."

ಅದು ಸರಿಯಾದ ಮಾತೇ. ಐದನೆಯ ತಿಂಗಳ ಐದನೆಯ ದಿನ ಬೆಳಗ್ಗೆ ಹುದುಗು ಬಂದ ಅನ್ನ ತಿಂದು ಹೊಟ್ಟೆಯ ಹುಳ ಸಾಯಿಸುತ್ತೇವೆ, ನೆತ್ತಿಯ ಮೇಲೆ ಸೂರ್ಯ ಬಂದಾಗ ಬರಡು ಮರಗಳ ವಿಚಾರಣೆ ಮಾಡುತ್ತೇವೆ. ಒಬ್ಬರು ಮರ ಹತ್ತಿ ಮರವಾಗಿ ಕೂರಬೇಕು. ಇನ್ನೊಬ್ಬರು ಬುಡದಲ್ಲಿ ಮಚ್ಚು ಹಿಡಿದು, ಯಾಕೆ ಹಣ್ಣು ಬಿಡಲಿಲ್ಲ ಎಂದು ಗದರಿಸಬೇಕು. ಮೇಲಿದ್ದವರು ಕಡಿಯಬೇಡಿ, ಮುಂದಿನ ವರ್ಷ ಬಿಡುತ್ತೇನೆ ಎಂದು ಅಂಗಲಾಚಬೇಕು. ಮರಕ್ಕೆ ಒಂದು ವರ್ಷ ಜೀವದಾನ ಸಿಗುತ್ತದೆ. ಎಷ್ಟೋ ಮರ ಹೆದರಿ ಹಣ್ಣು ಬಿಟ್ಟದ್ದೂ ಉಂಟು. ನೀವು ನಕ್ಕರೆ ನಗಿ.

ಹಬ್ಬದ ದಿನ ನಡುಹಗಲಿಗೆ ಗುಂಪಿನವರೆಲ್ಲ ಥೋವಾಳ ಹಿತ್ತಲಲ್ಲಿ ಸೇರಿದೆವು. ಮಚ್ಚು ನನ್ನ ಕೈಗೆ ಬಂತು. ಬೈಯುವ ಕೆಲಸ ಎಂದರೆ ಈ ಕಾಲುವೆಯಲ್ಲಿ ಮೊದಲು ನನ್ನ ನೆನಪಾಗುತ್ತದೆ ಜನಕ್ಕೆ. ಆದರೆ ಹತ್ತುವವರು ಯಾರು? ಪ್ರತಿ ವರ್ಷ ಹತ್ತುತ್ತಿದ್ದ ಮುದುಕ ಕಾಲು ಮುರಿದುಕೊಂಡು ಮಲಗಿದ್ದ. ಉಳಿದ ಗಂಡಸರು ಹಬ್ಬದ ಸಾರಾಯಿ ಏರಿಸಿ, ನೆಲದ ಮೇಲೇ ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಕಂದಕದ ಆಚೆ ನಿಂತಿದ್ದ ಲಾಯಿ ಷರಾಯಿಯ ಕಾಲನ್ನು ಮಂಡಿಯ ಮೇಲಕ್ಕೆ ಮಡಿಸಿಕೊಂಡಳು. ಒಂದೇ ನೆಗೆತಕ್ಕೆ ಈಚೆ ಬಂದು, ಯಾರನ್ನೂ ನೋಡದೆ, ಸರಸರ ಮರ ಹತ್ತಿ ಕವಲಿನಲ್ಲಿ ಕೂತುಬಿಟ್ಟಳು. ಆ ಹಿತ್ತಲಿಗೆ ಅವಳು ಕಾಲಿಟ್ಟದ್ದು ಆ ತಿಥಿಯ ನಂತರ ಅದೇ ಮೊದಲು. ನಾನು ಥೋವಾಳ ಕಡೆ ನೋಡಿದೆ. ಬೇಡ ಎನ್ನಬೇಕಾದರೆ ಲಾಯಿಯ ಜೊತೆ ಮಾತಾಡಬೇಕಲ್ಲ. ಅವಳು ತುಟಿ ಕಚ್ಚಿಕೊಂಡು ನಿಂತಳು.

ನಾನು ಮಚ್ಚಿನ ಬೆನ್ನಿನಿಂದ ಬುಡಕ್ಕೆ ಒಂದು ಬಿಟ್ಟೆ. "ಏ ಹಲಸೇ! ಈ ಮನೆ ಮಣ್ಣು ತಿಂದೆ, ಈ ಮನೆ ನೀರು ಕುಡ್ದೆ, ಆನೆ ಹಾಗೆ ಬೆಳೆದೆ. ಹಣ್ಣೆಲ್ಲೋ ನಾಚಿಕೆಗೆಟ್ಟದ್ದೇ?"

"ಅಯ್ಯಯ್ಯೋ, ಕಡೀಬೇಡಿ ತಾಯಿ, ನಿಮ್ಮ ದಮ್ಮಯ್ಯ!" ಎಂದು ಮೇಲಿನಿಂದ ಲಾಯಿ ಕೀರಲು ದನಿ ತೆಗೆದಳು. "ಮುಂದಿನ ವರ್ಷ ಬಿಡ್ತೀನಿ!" ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಾನ್ ಕೂಡ.

"ಮುಂದಿನ ವರ್ಷದ ಕಥೆ ಬೇಡ. ಇಷ್ಟು ವರ್ಷ ಯಾಕೆ ಬಿಡಲಿಲ್ಲ? ಅದನ್ನ ಬೊಗಳು!"

ಇದಕ್ಕೆ ಉತ್ತರವಾಗಿ ನೀರು ಸಾಲಲಿಲ್ಲ, ಗೆದ್ದಲು ಕಾಟ, ಹೀಗೆ ಏನಾದರೂ ತಮಾಷೆ ಹೇಳುವುದು ವಾಡಿಕೆ. ಲಾಯಿ ಸುಮ್ಮನಾದಳು. ನಾನು ಇನ್ನೊಂದು ಏಟು ಬಿಟ್ಟೆ.

"ನನ್ನ ಕೆಳಗೆ ನಿಂತು ಒಬ್ಬಳು ಕೆಟ್ಟ ಮಾತು ಆಡಿದ್ಳು" ಎಂದಿತು ಮರ. ಕೀರಲು ದನಿ ಹೋಗಿ ಲಾಯಿಯ ಸ್ವಂತ ದನಿ ಬಂದಿತ್ತು. "ಅನ್ನ ತಿಂತಿರೋ ಜನದ ಮುಂದೆ. ಆ ಮಾತು ಕೇಳಿದ ಮೇಲೆ ಹಣ್ಣು ಬಿಡೋಕೆ ನನಗೆ ಮುಖ ಇಲ್ಲ."

ನಗು ನಿಂತಿತು. ಎಳೆ ಸೋರೆಯ ಚಪ್ಪರದಲ್ಲಿ ಜೇನ್ನೊಣ ಗುಂಯ್ ಎನ್ನುವುದು ಕೇಳಿಸಿತು. ಅಷ್ಟರಲ್ಲಿ ಥೋವಾ ಬಂದು ನನ್ನ ಕೈಯಿಂದ ಮಚ್ಚು ಕಿತ್ತುಕೊಂಡಳು.

ಅವಳು ಬುಡಕ್ಕೆ ಹೊಡೆದದ್ದು ಮಚ್ಚಿನ ಬೆನ್ನಿನಿಂದ ಅಲ್ಲ, ಅಲಗಿನಿಂದಲೇ. ಚಕ್ಕೆ ಎದ್ದು ಹಾಲು ಜಿನುಗಿತು.

"ಹಾಗಾದ್ರೆ ಹೇಳು ಮರವೇ. ಅವಳು ಯಾಕೆ ಆ ಮಾತು ಆಡಿದ್ಳು? ನನ್ನ ಗಂಡನ್ನ ಕಳಕೊಂಡು ಕೂತಿದ್ದೆ. ಅವಳಿಗೆ ನಾನೇನು ಮಾಡಿದ್ದೆ?"

"ಹೊಟ್ಟೆಕಿಚ್ಚು" ಎಂದಳು ಲಾಯಿ.

"ನನ್ನ ಮೇಲಾ?" ಥೋವಾ ನಕ್ಕಳು. ಕೇಳಲು ಹಿತವಾದ ನಗುವಲ್ಲ. "ನನ್ನ ಹತ್ರ ಏನಿತ್ತು ಕಿಚ್ಚು ಪಡೋಕೆ?"

"ನನ್ನ ಮಕ್ಕಳಿದ್ವಲ್ಲ ಅಕ್ಕ." ಅಕ್ಕ ಎಂಬ ಮಾತು ಅವಳ ಬಾಯಲ್ಲಿ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. "ಹೆತ್ತಿದ್ದು ನಾನು. ಬೆಳಗಾದ್ರೆ ನಾಲ್ಕೂ ಕಂದಕ ಹಾರಿ ನಿಮ್ಮನೇಗೆ. ಮಂಡಿ ತರಚಿದ್ರೆ ನಿಮ್ಮ ಹತ್ರ ಅಳೋಕೆ. ಹಲ್ಲು ಬಿದ್ರೆ ನಿಮಗೆ ತೋರ್ಸೋಕೆ. ಕೊನೇವನು ಬೀ, ಅವನಿಗೆ ಜ್ವರ ಬಂದಿತ್ತು ನೆನಪಿದ್ಯಾ? ನನ್ನ ಮಡಿಲಲ್ಲಿ ಮಲಗಿದ್ದ, 'ದೊಡ್ಡಮ್ಮಾ, ದೊಡ್ಡಮ್ಮಾ' ಅಂತ ಕನವರಿಸ್ತಿದ್ದ. ಆ ತಿಥಿ ದಿನ ನಾನು ಕತ್ತಲಲ್ಲೇ ಎದ್ದು ಒಲೆ ಮುಂದೆ ಬೆಂದಿದ್ದೆ. ಸೌಟು ಹಿಡ್ಕೊಂಡು ಹೊರಗೆ ಬಂದ್ರೆ ನಾಲ್ಕೂ ನಿಮ್ಮ ಸುತ್ತ ಕೂತು ನಿಮ್ಮ ಕೈತುತ್ತು ತಿಂತಿದ್ವು. ಅಮ್ಮ ಊಟ ಮಾಡಿದ್ಳಾ ಅಂತ ಒಂದೂ ತಲೆ ಎತ್ತಲಿಲ್ಲ. ಮೈಯೆಲ್ಲ ಉರೀತು." ಅವಳು ಉಸಿರು ಎಳೆದುಕೊಂಡಳು. "ನಾಲಿಗೆ ಜಾರ್ತು ಅಂತ ಹೇಳಲ್ಲ ಅಕ್ಕ. ಬೇಕಂತಲೇ ಅಂದೆ. ಎಲ್ಲಿ ಚುಚ್ಚಿದ್ರೆ ನೋಯುತ್ತೆ ಅಂತ ಗೊತ್ತಿದ್ದೇ ಅಂದೆ."

ಥೋವಾಳ ಕೈಯಲ್ಲಿದ್ದ ಮಚ್ಚು ನಿಧಾನಕ್ಕೆ ಕೆಳಗಿಳಿಯಿತು. ಅವಳು ಕತ್ತೆತ್ತಿ ಎಲೆಗಳ ನಡುವೆ ನೋಡಿದಳು.

"ಬೆಳಗಾದ್ರೆ ಬರ್ತಿದ್ವು, ನಿಜ ಕಣೇ" ಎಂದಳು. "ಕತ್ತಲಾದ್ರೆ? ಕತ್ತಲಾದ್ರೆ ನಾಲ್ಕೂ ನಿನ್ನ ಮನೆಗೇ ಓಡ್ತಿದ್ವಲ್ಲೇ ಲಾಯಿ. ಒಂದಾದ್ರೂ ನನ್ನ ಹತ್ರ ಉಳೀತಾ?"

ಮರದಿಂದ ಮೂಗು ಸೇದುವ ಸದ್ದು ಬಂತು. ಕೆಳಗೆ ನಮ್ಮಲ್ಲೂ ಒಬ್ಬಿಬ್ಬರು ತೋಳಿಗೆ ಕಣ್ಣು ಒರೆಸಿಕೊಂಡರು. ನಾನೂ ಅತ್ತುಬಿಟ್ಟೆ. ನಲವತ್ತು ವರ್ಷದಿಂದ ಆ ಹಿತ್ತಲ ಪಕ್ಕದಲ್ಲೇ ಇದ್ದೇನೆ. ಸಂಜೆಯ ಹೊತ್ತು ಆ ಹೆಂಗಸು ಏನು ಮಾಡುತ್ತಾಳೆ ಎಂದು ಯಾರು ಕೇಳಿದ್ದೆವು?

ಅಷ್ಟರಲ್ಲಿ ಮೇಲೆ ಪಟಪಟ ಸದ್ದು. "ಅಯ್ಯೋ! ಕೆಂಪಿರುವೆ! ಅಯ್ಯಯ್ಯೋ ಬೆನ್ನೊಳಗೆ!"

"ಕೈ ಬಿಟ್ಟು ಹೊಡ್ಕೋಬೇಡ್ವೇ, ಬೀಳ್ತೀಯ! ಇಳಿ ಮೊದ್ಲು! ಎಡಗಾಲು ಇತ್ತ ಇಡು, ಇತ್ತ ಅಂದ್ರೆ!" ಎಂದು ಥೋವಾ ಮಚ್ಚು ಎಸೆದು ಕೂಗಿದಳು. ಲಾಯಿ ಅರ್ಧ ಇಳಿದು ಅರ್ಧ ಜಾರಿ ಅವಳ ಕಾಲ ಬುಡಕ್ಕೇ ಬಂದು ಬಿದ್ದಳು. ಥೋವಾ ಅವಳನ್ನು ತಿರುಗಿಸಿ ಕೂರಿಸಿ, ಅಂಗಿ ಎತ್ತಿ, ಬೆನ್ನ ಮೇಲಿನ ಇರುವೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ವಾನ್ ಪಾಪ ಕೊನೆಗೆ ಗಂಟಲು ಸರಿಮಾಡಿಕೊಂಡಳು. "ಅಕ್ಕ, ಅಂದ್ರೆ ಮರ ಈಗ..."

"ಮರ ಇರ್ಲಿ" ಎಂದಳು ಥೋವಾ, ಇರುವೆ ಹೆಕ್ಕುತ್ತಲೇ. ಆಮೇಲೆ ಆ ಬೆನ್ನಿಗೆ ಹೇಳಿದಳು: "ನಿನ್ನ ಹಿತ್ತಲ ಬಿಸಿಲು ಯಾಕೆ ಹಾಳು ಮಾಡ್ತಿದ್ದೀಯೇ? ಕೊತ್ತಂಬರಿ ಹಾಕಬಾರ್ದಾ?"

"ನಾನು ದೋಣಿ ಮೇಲಿರ್ತೀನಿ. ಯಾರು ನೋಡ್ಕೋತಾರೆ?"

"ಯಾಕೆ, ನಾನು ಸತ್ತಿದ್ದೀನಾ?"

"ಹಂಗಾದ್ರೆ ಬುಟ್ಟಿ ಅರ್ಧ ನಿಮ್ದು, ಅರ್ಧ ನಂದು" ಎಂದಳು ಲಾಯಿ. "ದೋಣಿ ಮಾತ್ರ ಕಾಯಲ್ಲ."

"ಕಾಯ್ಬೇಡ ಹೋಗು" ಎಂದು ಥೋವಾ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಕೊನೆಗೂ ಆ ಕೆಲಸ ಯಾರೋ ಮಾಡಿದರಲ್ಲ ಎಂದು ನನಗೆ ತೃಪ್ತಿಯಾಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವರಿಬ್ಬರಿಗೆ ಪಕ್ಕದ ಹಿತ್ತಲೇ ಮದ್ದಾಗಿತ್ತು, ನಡುವೆ ಒಂದು ಕಂದಕ ಇತ್ತು ಅಷ್ಟೆ. ಮಾರನೆಯ ದಿನ ಅದಕ್ಕೆ ಎರಡು ಅಡಿಕೆ ದಬ್ಬೆ ಹಾಸಿದರು. ಮಳೆ ಇಳಿಮುಖವಾಗುವ ಹೊತ್ತಿಗೆ ಲಾಯಿಯ ಹಿತ್ತಲಲ್ಲಿ ಕಳೆಯ ಸುಳಿವಿರಲಿಲ್ಲ. ಥೋವಾಳ ಮೆಟ್ಟಿಲ ಮೇಲೆ ಎರಡು ಬುಟ್ಟಿ ತುಂಬಿ ಮೇಲೆ ಒಂದು ಕಟ್ಟು ಉಳಿಯುತ್ತಿತ್ತು. ಪೇಟೆಯ ಅಂಗಡಿಯವರು ಆ ಕೊತ್ತಂಬರಿಯನ್ನೇ ಹೆಸರು ಹಿಡಿದು ಕೇಳುತ್ತಾರೆ ಈಗ. ಅರ್ಧ ಬುಟ್ಟಿಯ ಮಾತು ಎತ್ತುತ್ತಿದ್ದವರೇ ಅವಳ ಸಸಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಜಗಳ ಮಾತ್ರ ದಿನಾ ಇರುತ್ತದೆ, ಜೋರಾಗಿ, ಎದುರೆದುರೇ. ಬಾತುಕೋಳಿಗೆ ಆ ಕೆಲಸದಿಂದ ಬಿಡುವು ಸಿಕ್ಕಿದೆ.

ಹಲಸು ಹಣ್ಣು ಬಿಟ್ಟಿಲ್ಲ. ಬಿಡುತ್ತದೆ ಎಂದು ಥೋವಾ ಕಾಯುತ್ತಲೂ ಇಲ್ಲ.

ಹೊಸ ವರ್ಷದ ಹಬ್ಬಕ್ಕೆ ಲಾಯಿಯ ಕೊನೆಯ ಮಗ ಬೀ, ಫ್ಯಾಕ್ಟರಿಯಿಂದ ಊರಿಗೆ ಬಂದ. ಮೀಸೆ ಬಂದಿದೆ ಈಗ, ಎತ್ತರದ ಆಳು. ಅಮ್ಮನಿಗೆ ಮುಖ ತೋರಿಸಿದವನೇ ದಬ್ಬೆ ದಾಟಿ ದೊಡ್ಡಮ್ಮನ ಅಡುಗೆಮನೆಗೆ ಹೋದ. ಅವಳು ಬಡಿಸಿದ್ದನ್ನೆಲ್ಲ ಉಂಡ. ಹೊತ್ತು ಮುಳುಗಿತು. ನಾನು ನಮ್ಮ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆ. ದೀಪ ಹಚ್ಚುವ ಹೊತ್ತಾದಾಗ ಥೋವಾ ಅಭ್ಯಾಸಬಲದಿಂದ, "ಹೊರಡೋ ಮಗಾ, ಕತ್ತಲಾಯ್ತು, ಅಮ್ಮ ಕಾಯ್ತಿರ್ತಾಳೆ" ಎಂದಳು. ಹುಡುಗ ಎದ್ದು ಬಾಗಿಲಿಗೆ ಬಂದ.

ಕಂದಕದ ಆಚೆಯಿಂದ ಲಾಯಿಯ ಗಂಟಲು ಕೇಳಿಸಿತು, ಮೂರು ಊರಿಗೆ ಕೇಳುವ ಹಾಗೆ: "ಎಲ್ಲಿಗೋ ಬರ್ತೀಯ? ಇಲ್ಲಿ ನಿನ್ನ ಹಾಸಿಗೆ ಹಾಸಿಲ್ಲ. ಅಲ್ಲೇ ಮಲ್ಕೋ!"